ಗೆಳತಿಯರ ಫೋಟೊ ನೋಡಿ ಮೊಬೈಲ್ ಕೆಳಗಿಟ್ಟಾಗಲೆಲ್ಲ ಮನಸ್ಸು ಕುಗ್ಗುತ್ತದೆ, ಏನು ಮಾಡಲಿ?

ಪ್ರಶ್ನೆ (ಶಿಡ್ಲಘಟ್ಟದ ಹತ್ತಿರದ ಹಳ್ಳಿಯಿಂದ)

ನನಗೆ 24 ವರ್ಷ. ಚಿಕ್ಕಬಳ್ಳಾಪುರದಲ್ಲಿ ಬಿ.ಕಾಂ. ಮುಗಿಸಿ ಎರಡು ವರ್ಷವಾಯಿತು. ಮನೆಯಲ್ಲಿ ರೇಷ್ಮೆ ಸಾಕಣೆ. ಅಪ್ಪನಿಗೆ ಮಂಡಿನೋವು ಬಂದ ಮೇಲೆ ಹುಳುಮನೆಯ ಕೆಲಸ ಹೆಚ್ಚುಕಡಿಮೆ ನನ್ನದೇ. ಜೊತೆಯಲ್ಲಿ ಓದಿದ ಮೂವರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ರಾತ್ರಿ ಹತ್ತೂವರೆಗೆ ಕೊನೆಯ ಸೊಪ್ಪು ಹಾಕಿ, ಅಲ್ಲೇ ಗೋಣಿಚೀಲದ ಮೇಲೆ ಕುಳಿತು ಇನ್‌ಸ್ಟಾಗ್ರಾಂ ತೆರೆದರೆ ಅವರ ಕಚೇರಿ, ಕಾಫಿ, ಗೋವಾ. ಹನ್ನೆರಡೂವರೆಯಾದರೂ ಬೆರಳು ನಿಲ್ಲುವುದಿಲ್ಲ. ಮೊಬೈಲೇ ತೋರಿಸುವ ಲೆಕ್ಕ ದಿನಕ್ಕೆ ನಾಲ್ಕು ಗಂಟೆ ಹತ್ತು ನಿಮಿಷ.

ಹೋದ ಬೆಳೆಯಲ್ಲಿ ಹುಳು ಹಣ್ಣಾದ (ಮೇವು ಬಿಟ್ಟು ಗೂಡು ಕಟ್ಟಲು ಸಿದ್ಧವಾದ) ದಿನ, ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಡುವ ಮೊದಲು ಒಂದನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದೆ. ಮೈಯೆಲ್ಲ ಜೇನಿನ ಬಣ್ಣ, ಒಳಗಿನದು ಕಾಣುವಷ್ಟು ತಿಳಿ. ತಲೆ ಎತ್ತಿ ಗೂಡು ಕಟ್ಟಲು ಆಸರೆ ಹುಡುಕುತ್ತಿತ್ತು. ಅಷ್ಟು ಚೆಂದವಿತ್ತೆಂದು ಫೋಟೊ ತೆಗೆದು ಹಾಕಿದೆ. ಹನ್ನೊಂದು ಲೈಕ್ ಬಂದವು. ಒಬ್ಬಳು ‘ಅಯ್ಯೋ, ಹುಳು ಮುಟ್ಟುತ್ತೀಯಾ’ ಎಂದು ಬರೆದಳು. ಅರ್ಧ ಗಂಟೆಯಲ್ಲಿ ಅಳಿಸಿದೆ. ಅಂದಿನಿಂದ ಸೊಪ್ಪಿನ ಹಾಲು ಹತ್ತಿ ಕಪ್ಪಾದ ನನ್ನ ಕೈ ನೋಡಿಕೊಂಡರೆ ನಾಚಿಕೆ. ಅನ್ನ ಕೊಡುವ ಕೆಲಸಕ್ಕೆ ನಾಚುತ್ತಿದ್ದೇನಲ್ಲ ಎಂದು ಮತ್ತೂ ಸಂಕಟ. ಆ್ಯಪ್ ಅನ್ನು ಮೂರು ಸಲ ತೆಗೆದೆ, ಮೂರು ಸಲವೂ ಮತ್ತೆ ಹಾಕಿಕೊಂಡೆ. ಪೂರ್ತಿ ಬಿಟ್ಟರೆ ಸರಿಹೋಗುತ್ತದೆಯೇ?

ಉತ್ತರ 1 (ಚಿಕ್ಕಬಳ್ಳಾಪುರ, ಮನಃಶಾಸ್ತ್ರ ಪಾಠ ಮಾಡುತ್ತೇನೆ)

ತನ್ನನ್ನು ಅಳೆದುಕೊಳ್ಳಲು ಬೇರೆ ಅಳತೆಗೋಲು ಸಿಗದಾಗ ಮನುಷ್ಯ ತನ್ನಂಥವರನ್ನೇ ನೋಡುತ್ತಾನೆ ಎಂದು ಮನಃಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಬರೆದರು. ಅದಕ್ಕೇ ಸಿನಿಮಾ ನಟಿಯ ಚಿತ್ರಕ್ಕಿಂತ ಒಂದೇ ಬೆಂಚಿನಲ್ಲಿ ಕುಳಿತವಳ ಚಿತ್ರ ಹೆಚ್ಚು ಚುಚ್ಚುತ್ತದೆ. ಊರಿನ ಹತ್ತು ಮನೆಯವರ ಜೊತೆ ಹೋಲಿಸಿಕೊಳ್ಳುತ್ತಿದ್ದ ಕಾಲದಲ್ಲಿ ಅವರ ಸಾಲ, ಜಗಳವೂ ನಮ್ಮ ಕಿವಿಗೆ ಬೀಳುತ್ತಿದ್ದವು.

ಬಿಟ್ಟರೆ ಸರಿಹೋಗುತ್ತದೆಯೇ ಎಂದಿರಿ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 143 ವಿದ್ಯಾರ್ಥಿಗಳ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಒಂದು ಗುಂಪಿನವರು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ಗಳನ್ನು ದಿನಕ್ಕೆ ತಲಾ ಹತ್ತು ನಿಮಿಷಕ್ಕೆ ಇಳಿಸಿದರು. ಮೂರು ವಾರಗಳಲ್ಲಿ ಒಂಟಿತನ ತಗ್ಗಿತು, ಖಿನ್ನತೆಯ ಲಕ್ಷಣಗಳೂ ತಗ್ಗಿದವು. ಆತ್ಮಗೌರವದಲ್ಲಿ ಮಾತ್ರ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಹಾಗಾಗಿ ಹೊತ್ತು ಖಂಡಿತ ಕಡಿಮೆ ಮಾಡಿ, ಆದರೆ ಕೈಯ ಬಗೆಗಿನ ನಾಚಿಕೆ ಅಷ್ಟಕ್ಕೇ ಹೋಗಲಿಲ್ಲವೆಂದು ಎದೆಗುಂದಬೇಡಿ. ‘ಹುಳು ಮುಟ್ಟುತ್ತೀಯಾ’ ಎಂದವಳ ಜೊತೆ ಒಮ್ಮೆ ಬಾಯಿಬಿಟ್ಟು ಮಾತನಾಡಿ.

ಉತ್ತರ 2 (ನಂದಿ ಬೆಟ್ಟದ ತಪ್ಪಲು, ಛಾಯಾಗ್ರಾಹಕ)

ನೀವು ನೋಡುವ ಚಿತ್ರಗಳು ಹೇಗೆ ಹುಟ್ಟುತ್ತವೆಂದು ಹೇಳುತ್ತೇನೆ. ಒಂದು ಭಾನುವಾರ ನಸುಕಿನಲ್ಲಿ ಒಂದು ಜೋಡಿ ಬೆಟ್ಟ ಹತ್ತುವ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು, ಜಗಳವಾಡುತ್ತಲೇ ಮೇಲೆ ಬಂದರು. ಮಂಜು ಬರಲಿ ಎಂದು ಕಾದೆವು. ನೂರಕ್ಕೂ ಹೆಚ್ಚು ಚಿತ್ರ ತೆಗೆದೆ. ಹಾಕಿಕೊಂಡದ್ದು ಒಂದು, ಅವರಿಬ್ಬರೂ ನಕ್ಕದ್ದು.

ಉತ್ತರ 3 (ಕೋಲಾರ)

ನಾನೂ ಈ ಪಾಡು ಪಟ್ಟವಳು. ಗೆಳತಿಯರನ್ನು ಪಟ್ಟಿಯಿಂದ ತೆಗೆಯಬೇಕಾಗಿಲ್ಲ, ಮ್ಯೂಟ್ ಮಾಡಿ, ಅವರಿಗೆ ಗೊತ್ತಾಗುವುದಿಲ್ಲ. ಲೈಕ್ ಎಣಿಕೆ ಮರೆಮಾಡುವ ಆಯ್ಕೆ 2021ರಿಂದ ಇದೆ, ಇವತ್ತೇ ಹಾಕಿಕೊಳ್ಳಿ. ನನಗೆ ಎಲ್ಲಕ್ಕಿಂತ ಹೆಚ್ಚು ಒದಗಿದ್ದು ರಾತ್ರಿ ಮೊಬೈಲನ್ನು ಅಡುಗೆಮನೆಯ ಶೆಲ್ಫಿನಲ್ಲಿಟ್ಟು ಮಲಗಿದ್ದು. ದಣಿದ ಮೈಗೆ ಆ ಹೊತ್ತಿನಲ್ಲಿ ಎಲ್ಲರೂ ತನಗಿಂತ ಸುಖಿಗಳಾಗಿಯೇ ಕಾಣುತ್ತಾರೆ, ತಂಗಿ.

ನಿದ್ದೆ, ಊಟ ಎರಡೂ ಕೆಟ್ಟರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ. ನಾನು ಮಾಡಿದ್ದೆ, ಕನ್ನಡದಲ್ಲೇ ಸಮಾಧಾನವಾಗಿ ಕೇಳಿಸಿಕೊಂಡರು.

ಕೇಳಿದವಳು, ನಾಲ್ಕು ದಿನಗಳ ನಂತರ

ಮೂವರನ್ನೂ ಮ್ಯೂಟ್ ಮಾಡಿದೆ. ಹಾಗೆ ಬರೆದವಳಿಗೆ ಫೋನ್ ಮಾಡಲು ಎರಡು ದಿನ ಧೈರ್ಯ ಸಾಲಲಿಲ್ಲ. ಅವಳಿಗೆ ಚಿಕ್ಕಂದಿನಿಂದ ಹುಳು ಕಂಡರೆ ಭಯವಂತೆ, ಹೀಯಾಳಿಸಿದ್ದಲ್ಲವಂತೆ. ಇಷ್ಟು ದಿನ ನಾನು ಆ ಒಂದು ಸಾಲನ್ನು ಎಷ್ಟು ಸಲ ಓದಿಕೊಂಡೆನೋ! ಆಮೇಲೆ ಗೂಡಿನ ಹರಾಜು ಹೇಗೆ ನಡೆಯುತ್ತದೆಂದು ಅವಳೇ ಬಹಳ ಹೊತ್ತು ಕೇಳಿದಳು.

ಕೈ ನೋಡಿಕೊಂಡರೆ ಇನ್ನೂ ಸ್ವಲ್ಪ ಹಿಂಜರಿಕೆ ಇದೆ. ನಾಳೆ ಹುಳು ನಾಲ್ಕನೇ ಜ್ವರ (ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಮುಗಿಸಿ ಏಳುತ್ತವೆ. ಇನ್ನು ಒಂದು ವಾರ ಎಷ್ಟು ಸೊಪ್ಪು ಹಾಕಿದರೂ ಸಾಲದು. ಐದು ಗಂಟೆಗೆ ತೋಟಕ್ಕೆ ಹೋಗಬೇಕು. ಮೊಬೈಲ್ ಅಮ್ಮನ ಕೈಗೆ ಕೊಟ್ಟು ಮಲಗುತ್ತೇನೆ.