ಸಹಾಯ ಬೇಕು: ಟಿಕೆಟ್ ತಗೊಂಡಿದ್ರೂ ರೈಲ್ವೆ ಕೇಸ್ ಆಗುತ್ತಾ?

ಎಲ್ರಿಗೂ ನಮಸ್ಕಾರ, ವಕೀಲರು ಅಥವಾ ರೈಲ್ವೇಲಿ ಕೆಲಸ ಮಾಡೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ನನ್ನ ತಮ್ಮ ತುಮಕೂರಿಂದ ಬೆಂಗಳೂರಿಗೆ ಯುಟಿಎಸ್ ಆ್ಯಪಲ್ಲಿ ಜನರಲ್ ಟಿಕೆಟ್ ತಗೊಂಡು ಹತ್ತಿದ್ದ, ದಾರೀಲಿ ಫೋನ್ ಸ್ವಿಚ್ ಆಫ್ ಆಗಿ ಚೆಕಿಂಗ್ ಬಂದಾಗ ತೋರ್ಸೋಕಾಗ್ಲಿಲ್ಲ. ಟಿಟಿಇ (ಟಿಕೆಟ್ ಚೆಕ್ ಮಾಡೋರು) ಟಿಕೆಟ್ ಚಾರ್ಜ್ ಜೊತೆ 250 ರೂಪಾಯಿ ದಂಡ ಕಟ್ಟು ಅಂದ್ರಂತೆ, ಕೈಲಿ ಕ್ಯಾಶ್ ಇಲ್ಲ, ಯುಪಿಐನೂ ಅದೇ ಫೋನಲ್ಲಿ, ಕೊನೆಗೆ ಹೆಸ್ರು ಅಡ್ರೆಸ್ ಬರ್ಕೊಂಡು ಕೋರ್ಟಿಂದ ನೋಟಿಸ್ ಬರುತ್ತೆ ಅಂತ ಹೇಳಿ ಕಳ್ಸಿದಾರೆ.

ಈಗ ಫೋನ್ ಚಾರ್ಜ್‌ಗೆ ಹಾಕಿ ನೋಡಿದ್ರೆ ಬುಕಿಂಗ್ ಹಿಸ್ಟರಿ ಇದೆ, ಟೈಮ್ ಇದೆ, ದುಡ್ಡು ಕಟ್ ಆಗಿರೋ ಮೆಸೇಜೂ ಇದೆ. ನಾನು ಓದಿದ ಪ್ರಕಾರ ರೈಲ್ವೆ ಕಾಯ್ದೆ 1989ರ ಸೆಕ್ಷನ್ 138 ಅಂದ್ರೆ ಹೆಚ್ಚುವರಿ ಚಾರ್ಜ್ ವಸೂಲಿ, 137 ಮೋಸ ಮಾಡೋ ಉದ್ದೇಶ ಇದ್ದೋರಿಗೆ, ಅದ್ರಲ್ಲಿ 6 ತಿಂಗಳವರೆಗೂ ಜೈಲು ಇದೆ. ಟಿಕೆಟ್ ತಗೊಂಡವನ ಮೇಲೆ 137 ಹಾಕೋದು ನ್ಯಾಯ ಅಲ್ಲ ಅನ್ಸುತ್ತೆ ನಂಗೆ. ನೋಟಿಸ್ ಬರೋಕೆ ಮುಂಚೆನೇ ನಾವೇ ಹೋಗಿ ದಂಡ ಕಟ್ಟಬಹುದಾ, ಯಾವ ಆಫೀಸಿಗೆ ಹೋಗ್ಬೇಕು, ಲಾಯರ್ ಇಡ್ಲೇಬೇಕಾ? ಅವ್ನು ಕೆಪಿಎಸ್‌ಸಿಗೆ ಓದ್ತಿದಾನೆ, ಮುಂದೆ ಪೊಲೀಸ್ ವೆರಿಫಿಕೇಶನ್‌ಗೆ ತೊಂದ್ರೆ ಆಗುತ್ತೇನೋ ಅಂತ ಅಮ್ಮ ಸರಿಯಾಗಿ ಊಟನೂ ಮಾಡ್ತಿಲ್ಲ. ಇಂಥದ್ದು ಅನುಭವ ಆಗಿರೋರು ಪ್ಲೀಸ್ ತಿಳಿಸಿ.