ಅಪ್‌ಡೇಟ್: ಹಳೇ ಡಿಶ್ ಬಾಕ್ಸ್‌ಗೆ ಬದಲಿ ಕಾರ್ಡ್, ಕೊನೆಗೂ ಚಾನೆಲ್ ಬಂತು
ಹೋದ ವಾರ ಕೇಳಿದ್ದೆ: ಮೂಲೆ ಸೇರಿದ್ದ ರಿಸೀವರ್‌ಗೆ ಬದಲಿ ಕಾರ್ಡ್ (ಪೇ ಚಾನೆಲ್ ತೆರೆಯುವ ಚಿಪ್ ಇರೋ ಕಾರ್ಡ್) ಹಾಕಿದರೂ ಉಚಿತ ಚಾನೆಲ್ ಮಾತ್ರ ಬರ್ತಿವೆ, ಪೇ ಚಾನೆಲ್ ಎಲ್ಲ ಕಪ್ಪು ಅಂತ. ಈಗ ಸರಿಹೋಗಿದೆ.

ಕೈಹಿಡಿದದ್ದು ಪೇರಿಂಗ್, ಅಂದರೆ ಕಾರ್ಡ್ ಯಾವ ಬಾಕ್ಸ್‌ಗೆ ಜೋಡಿಯಾಗಿದೆ ಅನ್ನೋದನ್ನ ನೋಡಿ ಅಂದವರ ಸಲಹೆ. ಕಾರ್ಡ್ ಆ್ಯಕ್ಟಿವ್ ಆಗಿಯೇ ಇತ್ತು, ಆದರೆ ತಪ್ಪು ಬಾಕ್ಸ್ ನಂಬರ್‌ಗೆ ಜೋಡಿಯಾಗಿತ್ತು. ತಳದ ಸ್ಟಿಕ್ಕರ್ ಸವೆದು 8 ಅನ್ನೋದು 3ರ ಹಾಗೆ ಕಾಣ್ತಿತ್ತು! ಮೆನುವಿನ ಸಿಸ್ಟಂ ಮಾಹಿತಿಯಲ್ಲಿರುವ ನಂಬರನ್ನೇ ಡಿಶ್ ಕಂಪನಿಗೆ ಕೊಡಿ, ಸ್ಟಿಕ್ಕರ್ ನಂಬಬೇಡಿ. ನಂಬರ್ ತಿದ್ದಿಸಿ ಸಿಗ್ನಲ್ ಮತ್ತೆ ಕಳಿಸಲು ಹೇಳಿ, ಒಂದು ಪೇ ಚಾನೆಲ್ ಇಟ್ಟು ಬಿಟ್ಟೆ. 40 ನಿಮಿಷಕ್ಕೆ ಚಿತ್ರ ಬಂತು. ಅನುಮತಿ ಬರೋದು ಉಪಗ್ರಹದ ಸಿಗ್ನಲ್ ಜೊತೆಗೇ, ಹಾಗಾಗಿ ಬಾಕ್ಸ್ ಆನ್ ಇರಬೇಕು. ಮೊದಲ ದಿನ ಸ್ಟ್ಯಾಂಡ್‌ಬೈನಲ್ಲಿಟ್ಟು ಕಾದದ್ದು ದಂಡ.

ಫ್ಯಾಕ್ಟರಿ ರೀಸೆಟ್‌ನಿಂದ ಏನೂ ಆಗಲಿಲ್ಲ. ಉಲ್ಟಾ ಎಲ್‌ಎನ್‌ಬಿ (ಡಿಶ್ ಮುಂದಿರೋ ಸಿಗ್ನಲ್ ಹಿಡಿಯುವ ಭಾಗ) ಸೆಟ್ಟಿಂಗೂ ಹೋಗಿ, ಅದರ ಫ್ರೀಕ್ವೆನ್ಸಿ 9750/10600 ಮತ್ತೆ ಹಾಕಿ ಚಾನೆಲ್ ಹುಡುಕಬೇಕಾಯ್ತು. ಚಿಪ್ ಒರೆಸುವುದೂ ಬೇಕಿರಲಿಲ್ಲ: ಮೆನುವಿನಲ್ಲಿ ಕಾರ್ಡ್ ನಂಬರ್ ಕಂಡರೆ ಬಾಕ್ಸ್ ಅದನ್ನು ಓದುತ್ತಿದೆ ಅಂತಲೇ ಅರ್ಥ. ‘ಕಾರ್ಡ್ ಹಾಕಿ’ ಅಂತ ಬಂದರೆ ಮಾತ್ರ ಒರೆಸಿ, ಮಗುಚಿ ನೋಡಿ.

ಎಚ್‌ಡಿ ಚಾನೆಲ್‌ಗಳು ಈಗಲೂ ಬರಲ್ಲ. ಅದಕ್ಕೆ ಕಾರ್ಡ್ ಕಾರಣವಲ್ಲ, ಈ ಬಾಕ್ಸ್‌ಗೆ ಎಂಪೆಗ್-2 ಅನ್ನೋ ಹಳೇ ವಿಡಿಯೋ ಫಾರ್ಮ್ಯಾಟ್ ಬಿಟ್ಟರೆ ಬೇರೇನೂ ಬಿಡಿಸೋಕೆ ಬರಲ್ಲ, ಅಷ್ಟೇ.