ಮೊದಲ ಸಲ ಕ್ರೂಸ್: ಲಕ್ಷದ್ವೀಪವಾ, ಸಿಂಗಾಪುರ–ಪೆನಾಂಗ್–ಫುಕೆಟ್ಟಾ?

ಮಲ್ಪೆ ಗಾಳಿ:
ನಮಸ್ಕಾರ. ನಾವು ಉಡುಪಿಯವರು. ಜನವರಿಗೆ ಅಪ್ಪ ಅಮ್ಮನ ಮದುವೆಗೆ 40 ವರ್ಷ ಆಗುತ್ತದೆ, ಅವರನ್ನು ಕ್ರೂಸ್‌ಗೆ ಕರೆದುಕೊಂಡು ಹೋಗಬೇಕು ಅಂತ ತುಂಬಾ ಆಸೆ. ಅಪ್ಪನಿಗೆ ಕಡಲು ಅಂದರೆ ಜೀವ, ಆದರೆ ದೋಣಿ ಹತ್ತಿದ್ದು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಮಾತ್ರ. ಅಮ್ಮನಿಗೆ ಮಂಡಿನೋವು, ಮೀನು ಮೊಟ್ಟೆ ಮುಟ್ಟುವುದಿಲ್ಲ. ಜೊತೆಗೆ ನಾನು, ಹೆಂಡತಿ, 7 ವರ್ಷದ ಮಗಳು. ಲಕ್ಷದ್ವೀಪವಾ, ಸಿಂಗಾಪುರದಿಂದ ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ರೂಟಾ ಅಂತ ತಲೆ ಕೆಡಿಸಿಕೊಂಡಿದ್ದೇವೆ. ಅಮೆರಿಕದಲ್ಲಿರುವ ಅಕ್ಕ ಕೆರಿಬಿಯನ್‌ಗೇ ಬನ್ನಿ ಅನ್ನುತ್ತಾಳೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಕಂಕನಾಡಿ ಅಕ್ಕ:
ನಾವು ಕೊಚ್ಚಿಯಿಂದ ಸರಕಾರಿ ಹಡಗಿನಲ್ಲಿ ಲಕ್ಷದ್ವೀಪದ ಕವರತ್ತಿ, ಕಲ್ಪೇನಿ, ಮಿನಿಕಾಯ್ ನೋಡಿ ಬಂದೆವು. ಹಗಲು ದ್ವೀಪ, ರಾತ್ರಿ ಹಡಗು. ಆ ನೀರಿನ ಬಣ್ಣ ನಮ್ಮ ಪಣಂಬೂರಲ್ಲೂ ಇಲ್ಲ, ಮಲ್ಪೆಯಲ್ಲೂ ಇಲ್ಲ ಮಾರಾಯ್ರೆ. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ ಉಂಟು, ನಿಮ್ಮ ಅಪ್ಪ ಅದನ್ನು ನೋಡಲೇಬೇಕು. ಆದರೆ ಅಮ್ಮನ ಮಂಡಿ ಯೋಚನೆ ಮಾಡಿ. ಅಲ್ಲಿ ಹವಳದ ದಿಬ್ಬ, ಒಳಗೆ ನೀರು ಆಳ ಕಡಿಮೆ, ಹಾಗಾಗಿ ಹಡಗು ಹೊರಗೇ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕು, ದೋಣಿ ಅಲೆಗೆ ಏರಿ ಇಳಿಯುತ್ತಾ ಇರುತ್ತದೆ. ಸಿಬ್ಬಂದಿ ಕೈ ಹಿಡಿದು ಇಳಿಸುತ್ತಾರೆ, ಆದರೂ ನನ್ನ ಅತ್ತೆ ಎರಡನೇ ದಿನ ಇಳಿಯಲೇ ಇಲ್ಲ. ಪರ್ಮಿಟ್ ಬೇಕು, ಅದನ್ನು ಪ್ಯಾಕೇಜಿನವರು ಮಾಡಿಸುತ್ತಾರಾ ಅಂತ ಮೊದಲೇ ಕೇಳಿ.

ಹಡಗಿನ ಅಡುಗೆಯವ:
ನಾನು ಸುರತ್ಕಲ್‌ನವನು, ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ 9 ವರ್ಷ ಕೆಲಸ ಮಾಡಿದ್ದೇನೆ. ಮೇಲಿನ ಅಕ್ಕ ಹೇಳಿದ್ದೇ ಮುಖ್ಯ ಮಾತು. ಹೊಸಬರು ಎಷ್ಟು ಊರು ತೋರಿಸುತ್ತಾರೆ ಅಂತ ಎಣಿಸುತ್ತಾರೆ. ಅದಕ್ಕಿಂತ ಪ್ರತಿ ಊರಲ್ಲೂ ಹಡಗು ಧಕ್ಕೆಗೆ (ಹಡಗುಕಟ್ಟೆಗೆ) ತಾಗಿ ನಿಲ್ಲುತ್ತದಾ, ಇಲ್ಲ ನಡುನೀರಲ್ಲಿ ನಿಂತು ದೋಣಿಯಲ್ಲಿ ಕಳಿಸುತ್ತಾರಾ ಅಂತ ಕೇಳಿ. ಪೆನಾಂಗ್‌ನಲ್ಲಿ ಧಕ್ಕೆಗೇ ಬರುತ್ತದೆ, ಇಳಿದರೆ ಹಳೇ ಜಾರ್ಜ್‌ಟೌನ್ ಎದುರಿಗೇ, ಅದು 2008ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅಲ್ಲಿ ಲಿಟಲ್ ಇಂಡಿಯಾದಲ್ಲಿ ಅಮ್ಮನಿಗೆ ಸಸ್ಯಾಹಾರಿ ಊಟವೂ ಸಿಗುತ್ತದೆ. ಫುಕೆಟ್‌ನಲ್ಲಿ ಪಾಟಾಂಗ್ ಕಡಲತೀರದ ಎದುರು ನಿಲ್ಲಿಸಿದರೆ ದೋಣಿಯೇ ಗತಿ. ಕೆರಿಬಿಯನ್‌ನಲ್ಲೂ ಹಾಗೆ, ಕೊಜುಮೆಲ್‌ನಲ್ಲಿ ಧಕ್ಕೆ ಉಂಟು, ಗ್ರ್ಯಾಂಡ್ ಕೇಮನ್‌ನಲ್ಲಿ ದೋಣಿ.

ತಲೆಸುತ್ತು, ವಾಂತಿಯ ಹೆದರಿಕೆ ಇದ್ದರೆ ಕೆಳಗಿನ ಮಹಡಿಯಲ್ಲಿ, ಹಡಗಿನ ಮಧ್ಯಭಾಗದ ಕೋಣೆ ತೆಗೆದುಕೊಳ್ಳಿ, ಅಲ್ಲಿ ಅಲುಗಾಟ ಕಡಿಮೆ. ಮಲ್ಪೆ ದೋಣಿಯ ಅಲುಗಾಟದ ಲೆಕ್ಕ ಇಲ್ಲಿ ಹಾಕಬೇಡಿ. ಊಟದ ವಿಷಯ ಬುಕ್ ಮಾಡುವಾಗಲೇ ಬರೆಸಿ. ಹತ್ತಿದ ಮೇಲೆ ಹೇಳಿದರೆ ನಾವು ಮಾಡಿಕೊಡುತ್ತೇವೆ, ಆದರೆ ಮೊದಲೇ ಗೊತ್ತಿದ್ದರೆ ಚೆನ್ನಾಗಿ ಮಾಡಬಹುದು ಅಲ್ವಾ. ಹಡಗು ಹೊರಟ ಕೂಡಲೇ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ, ಸಮುದ್ರದ ನೆಟ್‌ವರ್ಕಿನ ಬಿಲ್ ವಿಪರೀತ ಬರುತ್ತದೆ.

ಕೊಡಿಯಾಲಬೈಲ್:
ಸಿಂಗಾಪುರ ಆದರೆ ವೀಸಾ ಒಂದೇ ಸಲದ್ದು ಸಾಕಾಗುವುದಿಲ್ಲ. ಹಡಗು ವಾಪಸ್ ಬಂದಾಗ ಮತ್ತೆ ಒಳಗೆ ಹೋಗಬೇಕಲ್ಲ, ಮಲ್ಟಿಪಲ್ ಎಂಟ್ರಿ ನೋಡಿಕೊಳ್ಳಿ. ಹಡಗು ಹೊರಡುವ ಹಿಂದಿನ ದಿನವೇ ಸಿಂಗಾಪುರ ಸೇರಿ. ನಾವು ಅದೇ ದಿನದ ವಿಮಾನ ಹಿಡಿದು, ಅದು ತಡವಾಗಿ, ಬಂದರಿಗೆ ಓಡಿದ್ದು ನೆನೆಸಿದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಜನವರಿ ಒಳ್ಳೆಯ ತಿಂಗಳು, ಫುಕೆಟ್ ಕಡೆ ಆಗ ಮಳೆ ಕಡಿಮೆ. ಕೆರಿಬಿಯನ್‌ಗೂ ಜನವರಿ ತೊಂದರೆ ಇಲ್ಲ, ಅಲ್ಲಿ ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್‌ವರೆಗೆ, ಆದರೆ ಅಮೆರಿಕದ ವೀಸಾ, ಅಷ್ಟು ದೂರದ ವಿಮಾನ, ಅಪ್ಪ ಅಮ್ಮನಿಗೆ ಮೊದಲ ಸಲಕ್ಕೆ ಅದು ಜಾಸ್ತಿಯಾಯಿತು.

ಮಲ್ಪೆ ಗಾಳಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಧಕ್ಕೆಯ ವಿಷಯ ನಮಗೆ ಹೊಳೆದೇ ಇರಲಿಲ್ಲ. ರಾತ್ರಿ ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಸಿಂಗಾಪುರ ರೂಟೇ ಆಗಲಿ ಅಂದರು. ಪೆನಾಂಗ್‌ನಲ್ಲಿ ಎಲ್ಲರೂ ಇಳಿಯುವುದು, ಫುಕೆಟ್‌ನಲ್ಲಿ ದೋಣಿ ಅಂತಾದರೆ ಅಪ್ಪ, ಮೊಮ್ಮಗಳು ಹೋಗಿ ಬರಲಿ, ತಾನು ಮೇಲಿಂದ ನೋಡುತ್ತಾ ಕೂರುತ್ತೇನೆ ಅಂದರು. ಅಪ್ಪ ಮಾತ್ರ ಮಿನಿಕಾಯ್ ದೀಪಸ್ತಂಭ ಎಷ್ಟು ಎತ್ತರ ಅಂತ ಕೇಳುತ್ತಿದ್ದಾರೆ. ಕಂಕನಾಡಿ ಅಕ್ಕ, ಅದರ ಮೇಲೆ ಹತ್ತಲು ಬಿಡುತ್ತಾರಾ?